ಬಿಟ್ಟೆ ಅಂದದ್ದು ಯಾರು

ಜರ್ಮನಿಯ ರೇಗನ್ಸ್‌ಬರ್ಗಿನಲ್ಲಿ ಬೆಳಿಗ್ಗೆ ಬೇಕರಿಗೆ ಹೋಗಿ ಎರಡು ಬನ್ನು ಕೊಂಡು ಬರುವಷ್ಟರಲ್ಲಿ ಸಾವಿತ್ರಿಯ ಕಿವಿಗೆ ಆ ಒಂದು ಮಾತು ನಾಲ್ಕಾರು ಸಲ ಬೀಳುತ್ತದೆ. ಬಾಗಿಲು ಹಿಡಿದು ನಿಂತವನು ‘ಬಿಟ್ಟೆ’ ಎನ್ನುತ್ತಾನೆ, ನೀವು ಮೊದಲು ಹೋಗಿ ಎಂದು. ಕೌಂಟರಿನವಳು ‘ಬಿಟ್ಟೆ?’ ಎನ್ನುತ್ತಾಳೆ, ಏನು ಬೇಕು ಎಂದು. ಪೊಟ್ಟಣ ಕೈಗಿಡುವಾಗ ‘ಬಿಟ್ಟೆ’, ತಗೊಳ್ಳಿ ಎಂದು. ಥ್ಯಾಂಕ್ಸ್ ಹೇಳಿದರೆ ಮತ್ತೆ ‘ಬಿಟ್ಟೆ’, ಪರವಾಗಿಲ್ಲ ಎಂದು. ಬೇಡುವುದಕ್ಕೂ ಅದೇ, ಕೊಡುವುದಕ್ಕೂ ಅದೇ. ಜರ್ಮನ್ನರಿಗೆ ಇದೊಂದು ಮಾತು ಬಾಯಲ್ಲಿದ್ದರೆ ಅರ್ಧ ದಿನ ಸಲೀಸಾಗಿ ಸಾಗುತ್ತದೆ.

ಮದುವೆಯಾಗಿ ಮೈಸೂರಿನಿಂದ ಹೊಸದಾಗಿ ಬಂದ ಕಾಲದಲ್ಲಿ ಬೇಕರಿಯವಳು ‘ಬಿಟ್ಟೆ?’ ಎಂದಾಗ, ತಾನು ಏನೋ ಬೀಳಿಸಿಕೊಂಡೆನೆಂದು ಸಾವಿತ್ರಿ ಬಗ್ಗಿ ನೆಲ ನೋಡಿದ್ದಳು. ಗಂಡ ಅನಂತಕೃಷ್ಣ ಅಲ್ಲೇ, ಅಷ್ಟು ಜನರ ಮುಂದೆ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನೂ ಬಿಟ್ಟಿಲ್ಲ ಕಣೇ, ಏನು ಬೇಕು ಅಂತ ಕೇಳ್ತಿದಾಳೆ!" ಆ ನಗು ಮನೆಯಲ್ಲಿ ವರ್ಷಗಟ್ಟಲೆ ನಡೆಯಿತು. ಊಟಕ್ಕೆ ಕೂತವರು ತಟ್ಟೆ ಮುಂದೆ ಚಾಚಿ ‘ಬಿಟ್ಟೆ’ ಎನ್ನುವುದು, ಇವಳು "ಏನ್ ಬಿಟ್ರಿ?" ಎಂದು ಕೇಳುವುದು, ಅವರು "ಮಾನ ಬಿಟ್ಟೆ, ಇನ್ನೊಂದು ಸೌಟು ಹುಳಿ ಹಾಕು" ಎನ್ನುವುದು.

ಈಗ ಅದೇ ಮಾತು ಕೇಳಿದರೆ ಅವಳು ತಲೆ ತಗ್ಗಿಸಿ ಬಿರಬಿರನೆ ನಡೆಯುತ್ತಾಳೆ. ಇಡೀ ಊರಿಗೆ ಊರೇ ಬೆಳಗಾದರೆ ತನ್ನನ್ನು ನೋಡಿ ‘ನೀ ಬಿಟ್ಟೆ, ನೀ ಬಿಟ್ಟೆ’ ಎಂದ ಹಾಗೆ.

ಸಾವಿತ್ರಿ ಓದಿದ್ದು ಸಸ್ಯಶಾಸ್ತ್ರ, ಮಾಡಿದ್ದು ದರ್ಜಿ ಕೆಲಸ. ಸ್ಟೇಷನ್ ಹತ್ತಿರ ಬಟ್ಟೆ ತಿದ್ದಿಕೊಡುವ ಅಂಗಡಿಯೊಂದಿದೆ, ತುರ್ಕಿಯ ಹೆಂಗಸೊಬ್ಬಳದು. ಅಲ್ಲಿ ಜರ್ಮನ್ನರ ಪ್ಯಾಂಟಿನ ಅಂಚು ಮಡಚುತ್ತಲೇ ಅವಳಿಗೆ ತಲೆ ನರೆಯಿತು. ಕೈ ಚುರುಕು, ಹೊಲಿಗೆ ನೇರ, ಮಾತು ಅದಕ್ಕಿಂತ ನೇರ. ಕನ್ನಡಿಯ ಮುಂದೆ ನಿಂತ ಗಿರಾಕಿ ‘ನನಗೆ ಒಪ್ಪುತ್ತಾ?’ ಎಂದು ಕೇಳಿದರೆ, ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದೇ ಹೇಳುವವಳು. ‘ಒಂದು ಸುಳ್ಳು ಹೇಳಿದರೆ ನಿನ್ನ ಗಂಟು ಹೋಗುತ್ತಾ’ ಎಂದು ಮಾಲೀಕಳು ಹಣೆ ಹಣೆ ಬಡಿದುಕೊಂಡಿದ್ದುಂಟು. ಹೋಗುವುದಿಲ್ಲ ನಿಜ, ಆದರೆ ನಾಲಿಗೆ ಹೊರಳಬೇಕಲ್ಲ.

ಅನಂತಕೃಷ್ಣ ಇದೇ ಊರಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ತಲೆಯಿಂದ ಕಾಲಿನವರೆಗೆ ಬಿಳಿ ಮುಸುಕು ಹಾಕಿಕೊಂಡು ಧೂಳೇ ಇಲ್ಲದ ಕೋಣೆಯಲ್ಲಿ ದುಡಿದು, ಮನೆಗೆ ಬಂದರೆ ಸೋಫಾದ ಮೇಲೆಲ್ಲ ಕಡಲೆಕಾಯಿ ಸಿಪ್ಪೆ ಉದುರಿಸುವ ಮನುಷ್ಯ. ನಿವೃತ್ತಿಗೆ ಸ್ವಲ್ಪ ಮುಂಚೆ, ಒಂದು ಚಳಿಗಾಲದ ಬೆಳಿಗ್ಗೆ, ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು, ಬಲಗೈ ಹೋಯಿತು, ಜೊತೆಗೆ ಭಾಷೆಗಳೂ ಹೋದವು. ಜರ್ಮನ್ ಪೂರ್ತಿ ಅಳಿಸಿಹೋಯಿತು, ಇಂಗ್ಲಿಷೂ ಹೋಯಿತು. ಉಳಿದದ್ದು ಕನ್ನಡ, ಅದೂ ಚೂರುಪಾರು. ಆಮೇಲೆ ಕಲಿತದ್ದು ಮೊದಲು ಹೋಗಿ, ಮೊದಲು ಕಲಿತದ್ದು ಕಡೆಯವರೆಗೆ ಉಳಿಯುವುದು ಕೆಲವರಲ್ಲಿ ಉಂಟು ಎಂದರು ಡಾಕ್ಟರು.

ಇದರಿಂದ ಹೆಚ್ಚು ಕಂಗೆಟ್ಟವಳು ಮಗಳು ಸಾನ್ವಿ. ಅವಳು ಇಲ್ಲಿ ಹುಟ್ಟಿ ಬೆಳೆದವಳು, ಕೆಲಸ ನೊಯ್‌ಬಿಬರ್ಗ್ ಎಂಬ ಇನ್ನೊಂದು ಊರಿನಲ್ಲಿ. ಅವಳಿಗೆ ಬರುವುದು ಅಡುಗೆಮನೆಯ ಕನ್ನಡ: ಸಾಕು, ಬೇಡ, ಇನ್ನೊಂದು ದೋಸೆ. ಅಪ್ಪನ ಜೊತೆ ಅವಳದ್ದು ಯಾವಾಗಲೂ ಜರ್ಮನ್. ಈಗ ಅಪ್ಪ ಹಾಸಿಗೆಯಿಂದ ತೊದಲು ಕನ್ನಡದಲ್ಲಿ ಏನೋ ಹೇಳುವರು, ಅವಳು ತಾಯಿಯ ಕಡೆ ತಿರುಗಿ "ಏನ್ ಹೇಳತ್ತೆ ಅಪ್ಪ?" ಎಂದು ಕೇಳುವಳು, ಸಾವಿತ್ರಿ ನಡುವೆ ನಿಂತು ದಾಟಿಸುವಳು. ಆಸ್ಪತ್ರೆಯಲ್ಲಿ ಊಟೆ ಎಂಬ ಹೆಸರಿನ ಹಿರಿಯ ನರ್ಸ್ ಒಬ್ಬಳಿದ್ದಳು. ಅವಳು ಬಂದು ಹೆಸರು ಹೇಳಿದ ದಿನ ಅನಂತಕೃಷ್ಣ ಕಣ್ಣರಳಿಸಿ "ಊಟಾನಾ?" ಎಂದರು. ಕಾಯಿಲೆ ಬಿದ್ದಮೇಲೆ ಆ ಕೋಣೆಯಲ್ಲಿ ತಾಯಿಮಗಳು ನಕ್ಕದ್ದು ಅದೊಂದೇ ಸಲ.

ಇನ್ನು ಅವರು ಹೋದ ಬೆಳಗಿನ ವಿಷಯ. ಅದನ್ನು ಅವಳು ಯಾರಿಗೂ ಹೇಳಿದವಳಲ್ಲ. ಅವರ ಉಸಿರು ಕೆಟ್ಟು ಎರಡನೇ ಸಲ ತೀವ್ರ ನಿಗಾ ಘಟಕಕ್ಕೆ ಸೇರಿಸಿದ್ದರು. ಕುರ್ಚಿಯಲ್ಲಿ ಕೂತೂ ಕೂತೂ ಅವಳ ಸೊಂಟ ಸೋತಿತ್ತು. ಸ್ನಾನ ಮಾಡಿ ಬಟ್ಟೆ ಬದಲಿಸಿ ಬರುತ್ತೇನೆಂದು ಮನೆಗೆ ಹೋದಳು. ಸ್ನಾನವಾಯಿತು. ಐದು ನಿಮಿಷ ಬೆನ್ನು ಚಾಚೋಣವೆಂದು ಒರಗಿದಳು. ಕಣ್ಣು ಹತ್ತಿದ್ದೇ ತಡ, ಕನಸು ಬಿತ್ತು. ಕನಸಿನಲ್ಲಿ ಅವಳಿನ್ನೂ ಕಾಲೇಜು ಹುಡುಗಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸೈಕಲ್ ತುಳಿಯುತ್ತಿದ್ದಾಳೆ, ಹಿಂದಿನಿಂದ ಗೆಳತಿಯರು ಒಂದೇ ಸಮನೆ ಬೆಲ್ಲು ಬಾರಿಸುತ್ತಿದ್ದಾರೆ, ಇವಳು ದಾರಿ ಕೊಡದೆ ನಗುತ್ತ ನಗುತ್ತ ಮುಂದೆ ಮುಂದೆ ಹೋಗುತ್ತಿದ್ದಾಳೆ. ಬೆಲ್ಲು ನಿಲ್ಲಲೇ ಇಲ್ಲ. ಎಚ್ಚರಾದಾಗ ಫೋನಿನಲ್ಲಿ ಆಸ್ಪತ್ರೆಯ ಕರೆಗಳು ಸಾಲಾಗಿ ನಿಂತಿದ್ದವು.

ಆ ಕನಸಿನಲ್ಲಿ ಅನಂತಕೃಷ್ಣ ಇರಲಿಲ್ಲ. ಜರ್ಮನಿ ಇರಲಿಲ್ಲ, ಸಾನ್ವಿಯೂ ಇರಲಿಲ್ಲ. ಅಷ್ಟು ಸುಖದ ಕನಸು ಅವಳಿಗೆ ಎಷ್ಟೋ ವರ್ಷಗಳಿಂದ ಬಿದ್ದಿರಲಿಲ್ಲ. ಗಂಡ ಸಾಯುತ್ತಿದ್ದಾಗ ತಾನು ಅವರೇ ಇಲ್ಲದ ಲೋಕದಲ್ಲಿ ನಗುತ್ತಿದ್ದೆ ಎನ್ನುವುದನ್ನು ಯಾರ ಮುಂದೆ ಹೇಳುವುದು? ಹೇಳಿದರೆ ಯಾವ ಮುಖ ಇಟ್ಟುಕೊಂಡು ಹೇಳುವುದು?

ಓಡಿಕೊಂಡು ಹೋದಾಗ ಎಲ್ಲ ಮುಗಿದಿತ್ತು. ಊಟೆ ಬಾಗಿಲಲ್ಲಿ ಕಾದಿದ್ದಳು. ಸಾವಿತ್ರಿಯ ಎರಡು ಕೈಗಳನ್ನೂ ಹಿಡಿದುಕೊಂಡು ಹೇಳಿದಳು: "ಅವರು ಒಂಟಿಯಾಗಿರಲಿಲ್ಲ, ನಾನು ಪಕ್ಕದಲ್ಲೇ ಇದ್ದೆ. ಎಂಥ ಸೌಜನ್ಯದ ಮನುಷ್ಯ! ಕೊನೆಯ ಉಸಿರಿನವರೆಗೂ ‘ಬಿಟ್ಟೆ, ಬಿಟ್ಟೆ’ ಎನ್ನುತ್ತಲೇ ಹೋದರು."

ಆ ಹೊತ್ತಿಗೆ ಅದು ಎದೆಗೆ ಸ್ವಲ್ಪ ತಂಪೆನಿಸಿತು. ಕರ್ಮವೆಲ್ಲ ಮುಗಿಯಿತು. ಅಸ್ಥಿಯನ್ನು ತಾಯಿಮಗಳು ಶ್ರೀರಂಗಪಟ್ಟಣಕ್ಕೆ ಒಯ್ದು ನೀರಿಗೆ ಬಿಟ್ಟು ಬಂದರು. ಬಂದ ಮೇಲೆ ಒಂದು ದಿನ, ಅಂಗಡಿಯಲ್ಲಿ ಯಾರದೋ ಕೋಟಿಗೆ ಗುಂಡಿ ಹಾಕುತ್ತಿದ್ದಾಗ, ಸೂಜಿ ಹಿಡಿದ ಕೈ ಅಲ್ಲೇ ನಿಂತಿತು. ಅವರಿಗೆ ಜರ್ಮನ್ ಎಲ್ಲಿತ್ತು? ಸ್ಟ್ರೋಕ್ ಆದಮೇಲೆ ಒಂದು ಅಕ್ಷರ ಜರ್ಮನ್ ಅವರ ಬಾಯಿಂದ ಬಂದಿರಲಿಲ್ಲ. ನರ್ಸು ಕೇಳಿಸಿಕೊಂಡದ್ದು ಜರ್ಮನ್ ಆಗಿರಲಿಕ್ಕಿಲ್ಲ. ಅವರು ಅಂದದ್ದು ಕನ್ನಡದ ‘ಬಿಟ್ಟೆ’.

ಯಾರು ಬಿಟ್ಟದ್ದು? ‘ನಾ ಬಿಟ್ಟೆ’ ಎಂದರೋ, ‘ನೀ ಬಿಟ್ಟೆ’ ಎಂದರೋ? ಆಸೆ ಬಿಟ್ಟೆ, ಇನ್ನು ಹೊರಟೆ ಎಂದರೋ, ನನ್ನನ್ನು ಒಬ್ಬನೇ ಬಿಟ್ಟು ಹೋದೆ ಎಂದರೋ? ಕನ್ನಡದಲ್ಲಿ ಎರಡಕ್ಕೂ ಅದೇ ‘ಬಿಟ್ಟೆ’. ಹೆಂಡತಿಯನ್ನು ಬಹುವಚನದಲ್ಲಿ ಕರೆಯುವ ಗಂಡನಾಗಿದ್ದರೆ ‘ಬಿಟ್ರಿ’ ಎನ್ನುತ್ತಿದ್ದರು, ಸಂಶಯಕ್ಕೆ ಎಡೆಯೇ ಇರುತ್ತಿರಲಿಲ್ಲ. ಪ್ರೀತಿಯ ಏಕವಚನ ಅವಳ ಕುತ್ತಿಗೆಗೆ ಬಂತು.

ಅವತ್ತಿನಿಂದ ಅವರು ಕನಸಿನಲ್ಲಿ ಬರತೊಡಗಿದರು. ಬರುವುದು ಬೆಳಗಿನ ಜಾವವೇ. ಅಡುಗೆಮನೆಯ ಮೇಜಿನ ಮುಂದೆ ಕೂತಿರುತ್ತಾರೆ. ಮೈಮೇಲೆ ಆಸ್ಪತ್ರೆಯ ಅಂಗಿ, ಕುತ್ತಿಗೆಯಲ್ಲಿ ಕಾರ್ಖಾನೆಯ ಗುರುತಿನ ಚೀಟಿ, ತಲೆಕೂದಲು ಒದ್ದೆ. ಮುಖ ಕಿಟಕಿಯ ಕಡೆ. ಮೊದಲು ದವಡೆ ಸದ್ದಿಲ್ಲದೆ ಒಂದಕ್ಷರಕ್ಕೆ ಆಡುತ್ತದೆ, ಆಮೇಲೆ ‘ಬಿಟ್ಟೆ’ ಎನ್ನುವುದು ಸ್ಪಷ್ಟವಾಗಿ ಕೇಳುತ್ತದೆ. ‘ನಾ’ ಎಂದರೆ ಬಾಯಿ ತೆರೆಯಬೇಕು, ‘ನೀ’ ಎಂದರೆ ತುಟಿ ಅಗಲವಾಗಬೇಕು. ತುಟಿ ನೋಡಬೇಕೆಂದು ಅವಳು ಮೇಜು ಸುತ್ತಿ ಎದುರಿಗೆ ಹೋಗುತ್ತಾಳೆ. ಹೋದರೆ ಕಿಟಕಿ ಆಚೆ ಗೋಡೆಗೆ ಬಂದಿರುತ್ತದೆ, ಮುಖವೂ ಆಚೆಗೆ ತಿರುಗಿರುತ್ತದೆ. ಎಚ್ಚರಾದ ಮೇಲೂ ಅಡುಗೆಮನೆಗೆ ಕಾಲಿಡಲು ಹೆದರಿಕೆ. ಹಾಗೆಂದು ಅವರು ಬಾರದೇ ಹೋದ ದಿನ ಇನ್ನೊಂದು ಬಗೆಯ ಹೆದರಿಕೆ.

ಮೈಸೂರಿನಲ್ಲಿರುವ ಅಕ್ಕ ಪುಟ್ಟಲಕ್ಷ್ಮಮ್ಮನಿಗೆ ಫೋನು ಮಾಡಿದಳು. ಕನಸಿನ ವಿಷಯದಲ್ಲಿ ಅಕ್ಕನದ್ದು ಎತ್ತಿದ ಕೈ. ಹಲ್ಲು ಬಿದ್ದಂತೆ ಕಂಡರೆ ಮನೆಯಲ್ಲಿ ಸಾವು, ಮದುವೆ ಕಂಡರೆ ಕೇಡು, ತಾನೇ ಸತ್ತಂತೆ ಕಂಡರೆ ಆಯುಸ್ಸು ಗಟ್ಟಿ. ಒಳ್ಳೆಯದು ಕಂಡರೆ ಕೆಟ್ಟದ್ದು, ಕೆಟ್ಟದ್ದು ಕಂಡರೆ ಒಳ್ಳೆಯದು ಎಂಬ ಅವಳ ಲೆಕ್ಕದಲ್ಲಿ ನಿದ್ದೆ ಬಾರದವನೇ ಪುಣ್ಯವಂತ.

"ಬೆಳಗಿನ ಜಾವದ್ದು ಅಂತೀಯ, ಅದು ಸುಮ್ ಸುಮ್ನೆ ಬೀಳೋ ಕನಸಲ್ಲ ಕಣೇ," ಎಂದಳು ಅಕ್ಕ. "ನಮ್ಮ ಜೋಯಿಸರು ಹೇಳ್ತಾರೆ, ನಿದ್ದೆ ಅಂದ್ರೆ ಈ ಲೋಕಕ್ಕೂ ಆ ಲೋಕಕ್ಕೂ ನಡುವಿನ ಹೊಸ್ತಿಲಂತೆ. ಹೋದೋರು ಆ ಕಡೆಯಿಂದ ಬಂದು ಅಲ್ಲಿ ನಿಲ್ತಾರಂತೆ. ಏನೋ ಬೇಕಾಗಿರತ್ತೆ, ಕೇಳ್ತಾರೆ."

"ಕೇಳ್ತಿಲ್ಲ ಅಕ್ಕ, ಹೇಳ್ತಿದಾರೆ. ‘ಬಿಟ್ಟೆ’ ಅಂತ."

"ಅದು ‘ಬಿಟ್ಯಾ’ ಅಂತ ಇರ್ಬೇಕು. ಅವರ ಹೆಸರಲ್ಲಿ ನೀನು ಏನಾದ್ರೂ ಬಿಟ್ಟಿದೀಯಾ? ಗಯೆಗೆ ಹೋದಾಗ ನಾವೆಲ್ಲ ಒಂದೊಂದು ತಿನ್ನೋದು ಬಿಡಲಿಲ್ವಾ. ನಾನು ಹಾಗಲಕಾಯಿ ಬಿಟ್ಟೆ."

"ನೀನು ಹುಟ್ಟಿದಾಗಿಂದ ಹಾಗಲಕಾಯಿ ಬಾಯಿಗೆ ಇಟ್ಟೋಳಲ್ಲ!"

"ಬಿಟ್ಟಿದ್ದು ಬಿಟ್ಟಿದ್ದೇ. ಪಿತೃಗಳು ಅಷ್ಟೆಲ್ಲ ನೋಡಲ್ಲ," ಎಂದಳು ಅಕ್ಕ ಒಂದಿಷ್ಟೂ ಅಳುಕದೆ.

ಸಾವಿತ್ರಿ ಕಾಫಿ ಬಿಟ್ಟಳು. ಮೈಸೂರಿನವಳು ಕಾಫಿ ಬಿಡುವುದೆಂದರೆ ಹಾಗಲಕಾಯಿ ಬಿಟ್ಟ ಹಾಗಲ್ಲ. ಅವರಿಗೆ ಇಷ್ಟವಾದ ಗೊಜ್ಜವಲಕ್ಕಿ ಮಾಡಿ, ಬಾಳೆಲೆ ಸಿಗದೆ ಕಾಗದದ ತಟ್ಟೆಯಲ್ಲಿ ಬಾಲ್ಕನಿಯಲ್ಲಿಟ್ಟು, ಕಾಗೆ ಮುಟ್ಟುತ್ತದೋ ಎಂದು ಗಾಜಿನ ಹಿಂದೆ ನಿಂತು ಕಾದಳು. ಕಾಗೆ ಬಂದು, ಕತ್ತು ಓರೆ ಮಾಡಿ ನೋಡಿ, ಹುಣಸೆಹಣ್ಣಿನ ವಾಸನೆಗೋ ಏನೋ, ಹಾರಿಹೋಯಿತು. ಸಂಜೆ ಮೇಲಿನ ಮನೆಯ ಮುದುಕ ಗಂಟೆ ಒತ್ತಿ, ಹಕ್ಕಿಗಳಿಗೆ ತಿಂಡಿ ಹಾಕುವುದು ಈ ಕಟ್ಟಡದ ನಿಯಮಕ್ಕೆ ವಿರುದ್ಧ, ದಯವಿಟ್ಟು ಹಾಕಬೇಡಿ ಎಂದ. ದಯವಿಟ್ಟು ಎನ್ನುವುದಕ್ಕೆ ಅವನ ಭಾಷೆಯಲ್ಲಿ ಇರುವುದೂ ಅದೇ ಮಾತು. ಅವಳು ಬಾಗಿಲು ಹಾಕಿಕೊಂಡು ಅದಕ್ಕೇ ಒರಗಿ ನಿಂತಳು. ಮಾರನೆಯ ಬೆಳಿಗ್ಗೆಯೂ ಅವರು ಬಂದರು.

ಯುಗಾದಿಗೆ ಊರಿನ ಕನ್ನಡದವರೆಲ್ಲ ಸೇರಿದ ಊಟದಲ್ಲಿ ಅವಳ ಪಕ್ಕಕ್ಕೆ ಕೂತವನು ದಾವಣಗೆರೆಯ ಸ್ವರೂಪ್. ನಿದ್ದೆಯ ಬಗ್ಗೆ ಸಂಶೋಧನೆ ಮಾಡುವವನು, ಮಲಗಿದವರ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ನೋಡುವುದೇ ಅವನ ಕೆಲಸ. ಸಾವಿತ್ರಿ ತನ್ನದೆಂದು ಹೇಳದೆ, ಯಾರದೋ ಕತೆ ಕೇಳುವ ಹಾಗೆ ಕೇಳಿದಳು.

"ಬೆಳಗಿನ ಜಾವದ ಕನಸು ನಿಜವಾಗತ್ತೆ ಅಂತಾರಲ್ಲ, ಯಾಕಪ್ಪಾ?"

"ನಿಜ ಗಿಜ ಏನಿಲ್ಲ ಆಂಟಿ. ಕನಸು ಬೀಳೋ ಸ್ಟೇಜ್ ಬೆಳಗಿನ ಜಾವ ಜಾಸ್ತಿ ಉದ್ದ ಇರತ್ತೆ. ಆಮೇಲೆ ಬೇಗ ಎಚ್ಚರ ಆಗತ್ತೆ, ಅದಕ್ಕೇ ನೆನಪಿರತ್ತೆ. ಆ ಟೈಮಲ್ಲಿ ಬ್ರೇನಿನ ಎಮೋಷನ್ ಭಾಗ ಫುಲ್ ಆನ್, ಲಾಜಿಕ್ ಭಾಗ ಆಲ್ಮೋಸ್ಟ್ ಆಫ್. ದಿನದ ನೆನಪೆಲ್ಲ ಜೋಡಿಸಿ ಎತ್ತಿಡುವಾಗ ಏನೇನೋ ಅಂಟ್ಕೊಳತ್ತೆ. ಹೊರಗಿನ ಸೌಂಡು ಬಂದ್ರೂ ಅಷ್ಟೇ, ನಿದ್ದೆ ಕೆಡಬಾರದು ಅಂತ ಅದನ್ನೂ ಕತೆಗೆ ಸೇರಿಸ್ಕೊಂಡ್ಬಿಡತ್ತೆ. ಅಲಾರಂ ಹೊಡೆದ್ರೆ ಕನಸಲ್ಲಿ ದೇವಸ್ಥಾನದ ಗಂಟೆ!" ಅವನು ನಕ್ಕು ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡ.

ಸಾವಿತ್ರಿ ಕೈಲಿದ್ದ ತುತ್ತನ್ನು ಕೆಳಗಿಟ್ಟಳು. ಅಷ್ಟು ಸಲೀಸಾಗಿ, ಏನೂ ಗೊತ್ತಿಲ್ಲದೆ, ಫೋನು ಸೈಕಲ್ ಬೆಲ್ಲಾದ ಅವಳ ಆ ಬೆಳಗನ್ನು ಅವನು ತಟ್ಟೆಯ ಮೇಲಿಟ್ಟಿದ್ದ. ನೀರು ಕುಡಿದು ಕೇಳಿದಳು.

"ಕನಸಲ್ಲಿ ಬಂದೋರು ನಮಗೆ ಗೊತ್ತಿಲ್ಲದ್ದನ್ನ ಹೇಳಬಹುದಾ?"

"ಚಾನ್ಸೇ ಇಲ್ಲ ಆಂಟಿ. ನಿಮಗೆ ಗೊತ್ತಿಲ್ಲದ್ದು ನಿಮ್ಮ ಕನಸಿಗೂ ಗೊತ್ತಿರಲ್ಲ. ಯಾರೇ ಬರಲಿ, ಡೈಲಾಗ್ ಬರೆಯೋದು ನೀವೇ."

ಹಾಗಾದರೆ ಅವರು ಎಷ್ಟು ಸಲ ಬಂದರೂ ಆ ಮೊದಲಿನ ಅಕ್ಷರ ಕೇಳುವುದಿಲ್ಲ, ಯಾಕೆಂದರೆ ಅದು ಅವಳಿಗೇ ಗೊತ್ತಿಲ್ಲ. ಅಕ್ಕನ ಮಾತು ನಂಬಿದರೆ ಅವರು ಬಂದು ನಿಲ್ಲುತ್ತಾರೆ, ಬೇಕಾದ್ದು ಕೊಡಲಾಗುತ್ತಿಲ್ಲ. ಹುಡುಗನ ಮಾತು ನಂಬಿದರೆ ಅವರು ಬರುವುದೇ ಇಲ್ಲ. ಯಾವುದು ಹೆಚ್ಚು ಘೋರ ಎಂದು ಅವಳಿಗೆ ಬಗೆಹರಿಯಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಕಣ್ಣೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ನಿದ್ದೆಗೆಟ್ಟು ಕೆಲಸವೂ ಕೆಟ್ಟಿತು. ಒಬ್ಬ ಮದುಮಗನ ಪ್ಯಾಂಟಿನ ಒಂದು ಕಾಲನ್ನು ಇನ್ನೊಂದಕ್ಕಿಂತ ಗೇಣುದ್ದ ಗಿಡ್ಡ ಕತ್ತರಿಸಿದಳು. ಇಷ್ಟು ವರ್ಷದಲ್ಲಿ ಆಗದ್ದು. ಮಾಲೀಕಳು ಬೈಯಲಿಲ್ಲ, ಮನೆಗೆ ಹೋಗಿ ಮಲಗು ಎಂದಳು. ಮಲಗುವುದೇ ಕಷ್ಟ ಎಂದು ಅವಳಿಗೇನು ಗೊತ್ತು. ಸುದ್ದಿ ತಿಳಿದ ಸಾನ್ವಿ ರೈಲು ಹತ್ತಿ ಬಂದು, ಅಮ್ಮನನ್ನು ಕೈಹಿಡಿದು ಫ್ರಾವ್ ಬ್ರಾಂಡ್ಲ್ ಎಂಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಕರೆದೊಯ್ದಳು, ತಾನು ಹೊರಗೆ ಕೂತಳು.

ಫ್ರಾವ್ ಬ್ರಾಂಡ್ಲ್ ಒಳ್ಳೆಯ ಹೆಂಗಸು. ಕನಸಿಗೆ ಅರ್ಥ ಹೇಳಲು ಹೋಗಲಿಲ್ಲ. ಒಳಗೆ ಒತ್ತಿಟ್ಟದ್ದು ಕನಸಿನಲ್ಲಿ ಬೇರೆಯವರ ವೇಷದಲ್ಲಿ ಬರುತ್ತದೆ, ಬಂದವರಿಗಿಂತ ನಿಮ್ಮ ಭಯವನ್ನು ನೋಡೋಣ ಎಂದಳು. ಪದೇ ಪದೇ ಬೀಳುವ ಕೆಟ್ಟ ಕನಸಿಗೆ ಒಂದು ಉಪಾಯವೂ ಇದೆಯಂತೆ. ಎಚ್ಚರಿದ್ದಾಗಲೇ ಅದೇ ಕನಸನ್ನು ನೆನೆದು, ಕೊನೆಯನ್ನು ಮಾತ್ರ ತಮಗೆ ಬೇಕಾದಂತೆ ಬದಲಿಸಿ, ದಿನಾ ಮನಸ್ಸಿನಲ್ಲಿ ಅಭ್ಯಾಸ ಮಾಡಬೇಕು. ಮಾಡುತ್ತ ಮಾಡುತ್ತ ನಿದ್ದೆಯಲ್ಲೂ ಹೊಸ ಕೊನೆಯೇ ಬರುತ್ತದೆ, ಬಹಳ ಜನರಿಗೆ ಗುಣವಾಗಿದೆ.

ಸಾವಿತ್ರಿ ತನ್ನ ಜರ್ಮನಿನಲ್ಲಿ ಆ ಮಾತಿನ ವ್ಯಾಕರಣ ಬಿಡಿಸಿ ಹೇಳಿದಳು. ಕತೆ ಪೂರ್ತಿ ಹೇಳಲಿಲ್ಲ, ಸೈಕಲ್ಲಿನ ಕನಸನ್ನಂತೂ ತುಟಿಯಿಂದಾಚೆ ತರಲಿಲ್ಲ. ಫ್ರಾವ್ ಬ್ರಾಂಡ್ಲ್, "ಹಾಗಾದರೆ ಅವರು ‘ನಾನು’ ಎಂದರೆಂದು ನೀವೇ ಆರಿಸಿಕೊಳ್ಳಬಹುದಲ್ಲ?" ಎಂದಳು.

"ಆರಿಸಿಕೊಳ್ಳುವುದೇ? ಸತ್ತವರ ಬಾಯಿಗೆ ನನಗೆ ಬೇಕಾದ ಮಾತು ತುರುಕುವುದಕ್ಕೆ ನಾನ್ಯಾರು?" ಸಾವಿತ್ರಿಯ ದನಿ ಏರಿತು. "ಅವರು ನನ್ನ ಗಂಡ. ನಾನು ಸಾಕಿದ ಗಿಣಿ ಅಲ್ಲ."

"ಆಗಲಿ," ಎಂದಳು ಆಕೆ ಮೆಲ್ಲಗೆ. "ನಿಮಗೆ ನಿಜವೇ ಬೇಕಾದರೆ, ಆಗ ಅಲ್ಲಿದ್ದವರನ್ನು ಕೇಳಿ."

ಈ ಸರಳ ಮಾತು ಅಷ್ಟು ತಿಂಗಳು ಯಾಕೆ ಹೊಳೆಯಲಿಲ್ಲವೋ. ಹೊಳೆದಿತ್ತು ಅನ್ನಿ, ಹೋಗಲು ಧೈರ್ಯ ಬಂದಿರಲಿಲ್ಲ. ಊಟೆ ಗಂಟಲು ಸರಿಮಾಡಿಕೊಂಡು ‘ನೀ’ ಎಂದುಬಿಟ್ಟರೆ? ಕೇಳಿ ಆದಮೇಲೆ ಕೇಳದ ಹಾಗೆ ಇರಲಾಗುತ್ತದೆಯೇ? ಆದರೂ ಒಂದು ಶನಿವಾರ ಮಧ್ಯಾಹ್ನ, ಸಾನ್ವಿ ಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಾಗ, ಅಂಗಡಿಗೆ ಹೋಗಿ ಬರುತ್ತೇನೆಂದು ಆಸ್ಪತ್ರೆಗೆ ನಡೆದಳು.

ಊಟೆಗೆ ಗುರುತು ಸಿಕ್ಕಿತು. ದಾದಿಯರ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟಳು. ಸಾವಿತ್ರಿ ನೇರ ವಿಷಯಕ್ಕೆ ಬಂದಳು. "ಅವರು ಆ ಮಾತು ಹೇಳುವ ಮುಂಚೆ ಇನ್ನೊಂದು ಸಣ್ಣ ಶಬ್ದ ಬಂದಿರಬೇಕು. ‘ನಾ’ ಅಥವಾ ‘ನೀ’. ನೆನಪು ಮಾಡಿಕೊಳ್ಳಿ. ನಮ್ಮ ಭಾಷೆಯಲ್ಲಿ ಆ ಮಾತಿಗೆ ದಯವಿಟ್ಟು ಎಂಬ ಅರ್ಥವಿಲ್ಲ, ಬೇರೆ ಅರ್ಥವಿದೆ. ನನಗೆ ತಿಳಿಯಲೇಬೇಕು."

"ಏನು ಅರ್ಥ?"

"ತೊರೆದೆ ಎಂದು. ನಾನು ತೊರೆದೆ, ಅಥವಾ ನೀನು ನನ್ನನ್ನು ತೊರೆದೆ."

ಊಟೆಯ ಮುಖದ ಬಣ್ಣ ಇಳಿದುಹೋಯಿತು. ಕೈಲಿದ್ದ ಲೋಟ ಕೆಳಗಿಟ್ಟು, ಎದ್ದು ಕೋಣೆಯ ಬಾಗಿಲು ಮುಚ್ಚಿ ಬಂದಳು. "ಅವರು ಏನೂ ಹೇಳಲಿಲ್ಲ," ಎಂದಳು. "ಬೆಳಗಿನಿಂದ ಅವರಿಗೆ ಪ್ರಜ್ಞೆಯೇ ಇರಲಿಲ್ಲ. ಮನೆಯವರು ಸಮಯಕ್ಕೆ ಬರಲಾಗದೇ ಹೋದಾಗ ನಾನು ಏನಾದರೂ ಒಂದು ಹೇಳುತ್ತೇನೆ. ಬರಿಗೈಯಲ್ಲಿ ಹೋಗಬಾರದಲ್ಲ ಎಂದು. ‘ಬಿಟ್ಟೆ’ ಅನ್ನುತ್ತಿದ್ದರು ಎಂದರೆ ಯಾರಿಗಾದರೂ ಹೊಂದುತ್ತದೆ. ಎಲ್ಲರೂ ಆಡುವ ಮಾತು. ಇಷ್ಟು ವರ್ಷ ಯಾರೂ ತಿರುಗಿ ಬಂದು ಕೇಳಿದ್ದಿಲ್ಲ." ಸ್ವಲ್ಪ ತಡೆದು ಸೇರಿಸಿದಳು: "ಪಕ್ಕದಲ್ಲಿದ್ದೆ ಎಂದದ್ದು ಮಾತ್ರ ನಿಜ."

ಅದನ್ನಾದರೂ ಹೇಗೆ ನಂಬುವುದು? ಸಾವಿತ್ರಿ ಎದ್ದಳು. ಸಿಟ್ಟಿಗೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ಇಲ್ಲದ ಮಾತಿಗೆ ಕಾಫಿ ಬಿಟ್ಟಳು, ನಿದ್ದೆ ಬಿಟ್ಟಳು, ಒಬ್ಬನ ಮದುವೆಯ ಪ್ಯಾಂಟು ಹಾಳುಮಾಡಿದಳು. ಯಾರ ಗಂಡನ ಬಾಯಲ್ಲಿ ಯಾರು ಮಾತು ಇಟ್ಟದ್ದು! ಚಹಾಕ್ಕೆ ಥ್ಯಾಂಕ್ಸ್ ಕೂಡ ಹೇಳದೆ ಹೊರಟಳು. ಆದರೆ ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಸಿಟ್ಟಿನ ಕೆಳಗೆ ಇನ್ನೊಂದು ಕಂಡಿತು. ಬೈಗುಳವಾದರೂ ಸರಿ, ಅದು ಅವರ ಮಾತೆಂದು ಇಷ್ಟು ದಿನ ಹಿಡಿದುಕೊಂಡಿದ್ದಳು. ಈಗ ಅದೂ ಇಲ್ಲ. ಅವರು ಏನೂ ಹೇಳದೆ ಹೋಗಿದ್ದರು. ಒಬ್ಬರೇ ಹೋಗಿದ್ದರು.

ಮನೆಗೆ ಬಂದವಳು ಚಪ್ಪಲಿ ಕೂಡ ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಸಾನ್ವಿಗೆ ಎಲ್ಲ ಹೇಳಿದಳು. ಊಟೆಯ ಸುಳ್ಳು, ಮೇಜಿನ ಮುಂದೆ ಬಂದು ಕೂರುವ ಅಪ್ಪ, ಕೆರೆಯ ಏರಿ, ಸೈಕಲ್ಲು, ಫೋನಿನ ಸದ್ದು ಬೆಲ್ಲಾದದ್ದು. "ನಿಮ್ಮಪ್ಪ ಹೋಗುವಾಗ ನಾನು ನಗ್ತಾ ಇದ್ದೆ ಕಣೇ. ನಿದ್ದೇಲಿ ನಗ್ತಾ ಇದ್ದೆ." ಮಗಳಿಗೆ ಎಷ್ಟು ತಿಳಿಯಿತೋ ಎಂದು ಮತ್ತೆ ಜರ್ಮನಿನಲ್ಲಿ ಹೇಳಿದಳು.

ಸಾನ್ವಿ ಚಾಕು ಕೆಳಗಿಟ್ಟಳು. ತಾಯಿಯನ್ನು ಸಮಾಧಾನ ಮಾಡಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು ಜರ್ಮನಿನಲ್ಲಿ ಹೇಳಿದಳು: "ಆಸ್ಪತ್ರೆಯವರು ಮೊದಲು ಫೋನು ಮಾಡಿದ್ದು ನನಗೇ, ಅಮ್ಮಾ. ನಿನಗಿಂತ ಮೊದಲು. ನಾನು ಎಚ್ಚರವಾಗೇ ಇದ್ದೆ, ಮೀಟಿಂಗಿನಲ್ಲಿದ್ದೆ. ಆಸ್ಪತ್ರೆಯ ನಂಬರ್ ಎಂದು ನೋಡಿದೆ. ನೀನಿದ್ದೀಯಲ್ಲ ಎಂದುಕೊಂಡು ಫೋನು ಮಗುಚಿ ಇಟ್ಟೆ."

ಸಾವಿತ್ರಿಗೆ ತನ್ನ ದುಃಖದಲ್ಲಿ ಒಂದು ದಿನವೂ ಹೊಳೆದಿರಲಿಲ್ಲ, ಈ ಹುಡುಗಿಯ ರಾತ್ರಿಗಳು ಹೇಗಿವೆ ಎಂದು. ತಾನೆಂಥ ತಾಯಿ ಎನಿಸಿತು.

"ನಿನ್ನ ಕನಸಲ್ಲೂ ಬರ್ತಾರಾ?" ಎಂದು ಕೇಳಿದಳು.

"ಬರತ್ತೆ," ಎಂದಳು ಸಾನ್ವಿ, ಈಗ ಕನ್ನಡದಲ್ಲಿ. ಅವಳ ಕನ್ನಡದಲ್ಲಿ ಅಪ್ಪನೂ ರೈಲೂ ಒಂದೇ ಲಿಂಗ. "ಅಪ್ಪ ಬರತ್ತೆ. ತುಂಬ ಮಾತಾಡತ್ತೆ. ಎಲ್ಲ ಕನ್ನಡ. ನನಗೆ ಅರ್ಥ ಆಗಲ್ಲ. ಮತ್ತೆ ಹೇಳು ಅಂತೀನಿ, ಮತ್ತೆ ಹೇಳತ್ತೆ. ಅರ್ಥ ಆಗಲ್ಲ. ಆಮೇಲೆ ಹೋಗತ್ತೆ. ಕೋಪ ಇದೆ ಅನ್ಸತ್ತೆ."

"ಏನ್ ಮಾತಾಡ್ತಾರೆ? ಸದ್ದು ಹೇಗಿರತ್ತೆ, ಹೇಳು ನೋಡೋಣ."

ಸಾನ್ವಿ ಕಣ್ಣು ಮುಚ್ಚಿಕೊಂಡಳು. "ಮರ್ಕೋ... ಗಾಲಿ... ಕಿತ್ಕಿ ಆನ್ನೀ... ಹಾಗೆ. ಏನ್ ಹೇಳತ್ತೆ ಅಪ್ಪ?"

ಆಸ್ಪತ್ರೆಯಲ್ಲಿ ಕೇಳುತ್ತಿದ್ದ ಅದೇ ಪ್ರಶ್ನೆ, ಅದೇ ದನಿ. ಸಾವಿತ್ರಿ ಆ ಸದ್ದುಗಳನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ಅವು ಕನ್ನಡವೇ ಅಲ್ಲ. ಕನ್ನಡದಂತೆ ಕೇಳುವ ಏನೋ ಒಂದು. ಗೊತ್ತಿಲ್ಲದ ಭಾಷೆಯನ್ನು ಕನಸು ಎಲ್ಲಿಂದ ತಂದೀತು, ಹುಡುಗಿಯ ನಿದ್ದೆಯೇ ಅಪ್ಪನ ದನಿಗೆ ಗದ್ದಲ ತುಂಬಿಸಿದೆ. ಅರ್ಥವಿಲ್ಲ ಕಂದಾ ಎನ್ನುವುದೇ ನಿಜ. ಸಾನ್ವಿ ಕಣ್ಣು ತೆರೆದು ಅವಳ ಬಾಯಿಯನ್ನೇ ನೋಡುತ್ತಿದ್ದಳು. ಮೇಜಿನ ಅಂಚು ಹಿಡಿದಿದ್ದ ಬೆರಳುಗಳು ಬೆಳ್ಳಗಾಗಿದ್ದವು.

"ಅಷ್ಟೇನಾ? ಇದು ಅರ್ಥವಾಗ್ಲಿಲ್ವಾ ನಿಂಗೆ?" ಎಂದಳು ಸಾವಿತ್ರಿ. ನಾಲಿಗೆ ಎಷ್ಟು ಸುಲಭವಾಗಿ ಹೊರಳಿತೆಂದು ಅವಳಿಗೇ ಆಶ್ಚರ್ಯ. "‘ಮಲ್ಕೋ ಮರಿ. ಗಾಳಿ ಬರ್ತಿದೆ, ಕಿಟಕಿ ನಾನೇ ಹಾಕ್ತೀನಿ.’ ಹಾಗಂತಿದಾರೆ."

"ಕೋಪ ಇಲ್ವಾ?"

"ಕೋಪದ ಮಾತು ಒಂದೂ ಇಲ್ಲ. ನೀನು ಚಿಕ್ಕೋಳಿದ್ದಾಗ ದಿನಾ ಹೇಳ್ತಿದ್ರು, ನಿಂಗೆ ನೆನಪಿಲ್ಲ."

ಅವರು ಹಾಗೆ ಒಂದು ದಿನವೂ ಹೇಳಿದವರಲ್ಲ. ಕಿಟಕಿ ಹಾಕುವುದಿರಲಿ, ಕಿಟಕಿ ಎಲ್ಲಿದೆ ಎಂದೂ ಗೊತ್ತಿಲ್ಲದ ಮನುಷ್ಯ. ಆದರೆ ಸಾನ್ವಿ ಮುಖ ಮುಚ್ಚಿಕೊಂಡು ಅತ್ತಳು, ಅಪ್ಪ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಸಾವಿತ್ರಿ ಅವಳ ತಲೆಯನ್ನು ಎದೆಗೊತ್ತಿಕೊಂಡಳು. ಊಟೆಯ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಇನ್ನು ತನ್ನ ಕನಸಿಗೆ ಹೀಗೆ ಅರ್ಥ ಹೇಳುವವರು ಯಾರೂ ಇಲ್ಲ, ನಾಳೆ ಬೆಳಗಿನ ಜಾವ ಅವರು ಬರಿದೇ ಬಂದು ಕೂತಾರು, ಬಾಯಿ ತೆರೆಯದೆ ಕೂತಾರು, ಅದನ್ನು ತಾನೊಬ್ಬಳೇ ನೋಡಬೇಕು ಎನ್ನುವುದೂ ಆಗಲೇ ತಿಳಿಯಿತು.

ಸಾನ್ವಿ ಮೂಗು ಒರೆಸಿಕೊಂಡು ನೆಟ್ಟಗೆ ಕೂತಳು. ಇನ್ನೊಂದು ಸಲ ಹೇಳು, ಕಲಿತುಕೊಳ್ಳುತ್ತೇನೆ, ಮತ್ತೆ ಬಂದರೆ ಅರ್ಥವಾಗಬೇಕಲ್ಲ ಎಂದಳು. ಸಾವಿತ್ರಿ ಒಂದೊಂದೇ ಪದ ಬಿಡಿಸಿ ಹೇಳಿದಳು. ಮಗಳು ಪಾಠ ಒಪ್ಪಿಸುವ ಹುಡುಗಿಯ ಹಾಗೆ ತಿರುಗಿ ಹೇಳಿದಳು.

"ಮಲ್ಕೋ ಮರಿ. ಗಾಲಿ ಬರ್ತಿದೆ."

"ಗಾಲಿ ಅಲ್ಲ, ಗಾಳಿ. ನಾಲಿಗೆ ಮೇಲಕ್ಕೆ ಮಡಿಸು. ಅಪ್ಪ ‘ಳ’ ಸ್ಪಷ್ಟವಾಗಿ ಹೇಳ್ತಿದ್ರು."